ಕೊನೆಗೆ ಹತ್ತುವವನು

ಹನ್ನೊಂದನೇ ತಾರೀಕು, ಮಂಗಳವಾರ

ನನ್ನವರೇ,

ನಾವಿಲ್ಲಿ ಚೆನ್ನಾಗಿದ್ದೇವೆ. ನೀವೂ ಚೆನ್ನಾಗಿದ್ದೀರಿ ಎಂದು ನಿಮ್ಮ ಚೀಟಿ ಹೇಳುತ್ತದೆ, ಸದ್ಯಕ್ಕೆ ನಂಬಿದ್ದೇನೆ. ಚೀಟಿ ಭಾನುವಾರವೇ ಕೊಳವೆಯಲ್ಲಿ ಮೇಲೆ ಬಂದಿತ್ತು, ಉತ್ತರ ಇವತ್ತು ಇಳಿಯುತ್ತಿದೆ ಎಂದು ಮುನಿಸಿಕೊಳ್ಳಬೇಡಿ. ಇದು ನಾನು ಬರೆದ ಮೂರನೆಯ ಕಾಗದ. ಮೊದಲಿನ ಎರಡನ್ನೂ ಡಾಕ್ಟರು ವಾಪಸು ಕೊಟ್ಟರು. ಡಾಕ್ಟರು ಎಂದರೆ ಜ್ವರ ನೋಡುವವರಲ್ಲ, ಮನಸ್ಸಿನ ಡಾಕ್ಟರು. ಕೆಳಗೆ ಹೋಗುವ ಪ್ರತಿ ಕಾಗದವನ್ನೂ ಅವರು ಓದಿದ ಮೇಲೇ ಬಿಡುವುದು. ನನ್ನ ಒಂದು ಕಾಗದದಲ್ಲಿ ಅಳು ಜಾಸ್ತಿಯಂತೆ, ಇನ್ನೊಂದರಲ್ಲಿ ಬೈಗುಳ ಜಾಸ್ತಿಯಂತೆ. "ಅಳು ಬೇಡಮ್ಮ. ಕೆಟ್ಟ ಸುದ್ದಿ ಅಂತೂ ಬೇಡವೇ ಬೇಡ. ಬೈಗುಳ ಸ್ವಲ್ಪ ಇರ್ಲಿ ಬಿಡಿ, ಹೆಂಡತಿ ಹತ್ರ ಬೈಸಿಕೊಂಡವನಿಗೆ ಮೇಲೆ ಬಂದು ಉತ್ತರ ಕೊಡಬೇಕು ಅನ್ಸುತ್ತೆ" ಎಂದರು. ಇಷ್ಟು ವರ್ಷ ಕಾಲೇಜು ಮಕ್ಕಳ ಉತ್ತರ ಪತ್ರಿಕೆ ತಿದ್ದಿದವಳ ಕಾಗದವನ್ನೂ ತಿದ್ದುವವರು ಹುಟ್ಟಿಕೊಂಡರಲ್ಲ ಎಂದುಕೊಂಡೆ.

ಸುರಂಗ ಕುಸಿದ ದಿನದಿಂದ ನಿಮ್ಮ ಒಂಬತ್ತು ಜನರ ಮನೆಯವರನ್ನೂ ಗಣಿಯ ಎದುರಿನ ಶಾಲೆಯಲ್ಲಿ ಇರಿಸಿದ್ದಾರೆ. ಬೆಂಚುಗಳನ್ನು ಗೋಡೆಗೆ ಒತ್ತಿ ಹಾಸಿಗೆ ಹಾಕಿಕೊಂಡಿದ್ದೇವೆ. ನನ್ನ ಪಕ್ಕದ ಹಾಸಿಗೆ ನಿಮ್ಮ ಮೌನಿಯ ಹೆಂಡತಿಯದು. ಬಾಯಿ ಮುಚ್ಚಲು ಬಾರದವನಿಗೆ ಮೌನಿ ಎಂದು ಹೆಸರಿಟ್ಟವರು ಯಾರೋ, ಅವರು ಈ ಹೆಂಡತಿಯನ್ನು ನೋಡಿರಲಿಕ್ಕಿಲ್ಲ. "ನಮ್ಮೋರು ಕೆಳಗಿದಾರೆ ಅಂತ ನಂಗೆ ಚಿಂತೆ ಇಲ್ಲ ಟೀಚರಮ್ಮ, ಅವರ ಮಾತು ಕೇಳ್ತಾ ಉಳಿದ ಎಂಟು ಜನ ಏನಾಗಿದಾರೋ ಅನ್ನೋದೇ ಚಿಂತೆ" ಎನ್ನುತ್ತಾಳೆ. ಎಲ್ಲರನ್ನೂ ನಗಿಸಿ ಆಮೇಲೆ ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ಕೊಳವೆಯ ಬಾಯಿಗೆ ಒಂದು ಟೆಂಟು ಹಾಕಿದ್ದಾರೆ. ನೀರು, ಔಷಧಿ, ಬಿಸ್ಕತ್ತು, ಕಾಗದ ಎಲ್ಲವನ್ನೂ ಸುತ್ತಿ ತುಂಬಿ ಇಳಿಸುವ ಕೆಲಸಕ್ಕೆ ಮನೆಯವರೇ ಸರದಿಯ ಮೇಲೆ ನಿಲ್ಲುತ್ತೇವೆ. ಕೈಗೆ ಏನಾದರೂ ಕೆಲಸ ಇದ್ದರೆ ಒಳ್ಳೆಯದು.

ನಿಮ್ಮ ಮೊದಲ ಪ್ರಶ್ನೆ ನನ್ನ ತಮ್ಮನದು. ಆಧಾರದ ಕಂಬ ಸೀಳುತ್ತಿದೆ ಎಂದು ಮೇಲೆ ತಿಳಿಸಲು ಅವನನ್ನು ಓಡಿಸಿದ್ದಿರಿ, ಅವನು ಹೋದ ಸ್ವಲ್ಪ ಹೊತ್ತಿಗೇ ಕುಸಿಯಿತು, ಅವನು ತಲುಪಿದನೇ ಎಂದು ಕೇಳಿದ್ದೀರಿ. ತಲುಪಿದ. ಕಾಲಿಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದಾನೆ. ಅವನ ಯೋಚನೆ ಬಿಡಿ.

ಪುಟ್ಟಿ ಏಕೆ ಬರೆದಿಲ್ಲ ಎನ್ನುವಿರಿ. ಹೇಳಿ ಹೇಳಿ ಸಾಕಾಯಿತು. "ಅಪ್ಪ ಬರ್ಲಿ, ಬಾಯಲ್ಲೇ ಹೇಳ್ತೀನಿ" ಎಂದು ಪೆನ್ನು ಆಚೆ ತಳ್ಳಿದಳು. ಈ ಹಟ ಯಾರ ಕಡೆಯಿಂದ ಬಂದದ್ದೆಂದು ನಾನು ಹೇಳಬೇಕಾಗಿಲ್ಲ.

ಇನ್ನು ನಿಮ್ಮ ಎರಡನೆಯ ಬೇಡಿಕೆ. ಮೌನಿಯ ಮಾತು ಕೇಳಿ ಹುಡುಗರಿಗೆ ತಲೆ ಕೆಟ್ಟಿದೆ, ಗಟ್ಟಿಯಾಗಿ ಓದಲು ಆ ಕಾದಂಬರಿ ಕಳಿಸು ಎಂದಿದ್ದೀರಿ. ಪ್ರಪಂಚದಲ್ಲಿ ಇಷ್ಟೊಂದು ಪುಸ್ತಕ ಇರುವಾಗ ನಿಮಗೆ ಅದೇ ಬೇಕಾಯಿತೇ? ಮಣ್ಣಿನಡಿ ಸಿಕ್ಕಿಕೊಂಡವರಿಗೆ, ಯಾವುದೋ ಗ್ರಹದ ಹೊಟ್ಟೆಯೊಳಗೆ ಉಸಿರು ತೀರುತ್ತ ಸಿಕ್ಕಿಕೊಂಡವರ ಕಥೆ! ನಮ್ಮ ಅಜ್ಜಂದಿರ ಕಾಲದಲ್ಲಿ ಬರೆದದ್ದು, ಅಂದಿನಿಂದ ಪಠ್ಯದಲ್ಲಿ ಕೂತು ಎದ್ದಿಲ್ಲ. ನಾನು ವರ್ಷ ವರ್ಷವೂ ಅದನ್ನು ಪಾಠ ಮಾಡಿ, "ಕಪ್ತಾನನ ಕೈಗವಸುಗಳು ಏನನ್ನು ಸಂಕೇತಿಸುತ್ತವೆ?" ಎಂದು ಹತ್ತು ಅಂಕದ ಪ್ರಶ್ನೆ ಕೇಳಿ, ಒಂದೇ ಥರದ ಉತ್ತರ ಓದಿ ಬೇಸತ್ತಿದ್ದೇನೆ. ನೀವು ಮಾತ್ರ ಪರೀಕ್ಷೆ ಇಲ್ಲದೆ ಓದಿದವರು, ಅದಕ್ಕೇ ಇಷ್ಟವಾಯಿತು. ಕೊಳವೆ ನನ್ನ ಮಣಿಕಟ್ಟಿಗಿಂತ ಸ್ವಲ್ಪ ದಪ್ಪ, ಅಷ್ಟೆ. ಪುಸ್ತಕದ ಬೆನ್ನನ್ನು ಬ್ಲೇಡಿನಿಂದ ಸೀಳಿ ಅಧ್ಯಾಯಗಳನ್ನು ಬೇರೆ ಬೇರೆ ಮಾಡಬೇಕಾಯಿತು. ಪುಟದ ಕಿವಿ ಮಡಿಸಿದರೆ ನಿಮಗೆ ಬೈಯುತ್ತಿದ್ದವಳು ನಾನು. ನೀವು ಕೇಳಿದ್ದು ಎಂದು ಸೀಳಿದೆ.

ಮೊದಲ ಮೂರು ಅಧ್ಯಾಯ ಇದರ ಜೊತೆ ಇವೆ. ನೀರು ಕುಡಿಯುತ್ತಿರಿ. ದೀಪವನ್ನು ಹಿತಮಿತವಾಗಿ ಉರಿಸಿ.

ನಿಮ್ಮವಳು


ಹದಿನಾಲ್ಕನೇ ತಾರೀಕು, ಶುಕ್ರವಾರ

ನನ್ನವರೇ,

ಬರೆಯದೆ ಸುಮ್ಮನಿದ್ದೆ, ಕ್ಷಮಿಸಿ. ಕೋಪ ಬಂದಿತ್ತು, ಇನ್ನೂ ಇಳಿದಿಲ್ಲ. ಕೋಪದಲ್ಲೂ ಅಧ್ಯಾಯಗಳನ್ನು ಮಾತ್ರ ತಪ್ಪದೆ ಕಳಿಸಿದ್ದೇನೆ, ಅದನ್ನಾದರೂ ಲೆಕ್ಕಕ್ಕೆ ಹಿಡಿಯಿರಿ.

ಕೆಳಗೆ ಕಾದಂಬರಿಯ ಮೇಲೆ ಎರಡು ಪಕ್ಷ ಆಗಿವೆ ಎಂದು ಓದಿ ನಕ್ಕೆ. ಉಳಿದವರ ದೋಣಿ ಹೊರಡಲೆಂದು ಕಪ್ತಾನ ಪಂಪಿನ ಹಿಡಿ ಒತ್ತಿ ಹಿಡಿದು ತಾನು ಹಿಂದೆ ಉಳಿಯುತ್ತಾನೆ ಎಂದು, ಕೊನೆಯ ಅಧ್ಯಾಯ ಇಳಿಯುವ ಮೊದಲೇ ನೀವು ಅವರಿಗೆ ಹೇಳಿಬಿಟ್ಟಿದ್ದೀರಿ. ಮೌನಿ, "ಕಪ್ತಾನನಿಗೆ ಬುದ್ಧಿ ಇಲ್ಲ, ಪಂಪಿನ ಹಿಡಿಗೆ ಒಂದು ಹಗ್ಗ ಕಟ್ಟಿ ತಾನೂ ಹೋಗಿ ದೋಣಿ ಹತ್ತಬಹುದಿತ್ತು" ಎನ್ನುತ್ತಾನಂತೆ. ಅವನ ಹೆಂಡತಿಗೆ ಓದಿ ಹೇಳಿದೆ. "ಅದೊಂದೇ ಅವರ ಬಾಯಿಂದ ಬಂದ ಒಳ್ಳೆ ಮಾತು" ಎಂದಳು. ನೀವು ಮಾತ್ರ ಕಪ್ತಾನನ ಪಕ್ಷ. "ತನ್ನವರೆಲ್ಲ ದಾಟಿದ ಮೇಲೇ ತಾನು ದಾಟೋದು, ನಾಯಕ ಅಂದ್ರೆ ಹಾಗಿರಬೇಕು ಅಂತ ಹುಡುಗರಿಗೆ ಹೇಳಿದೆ" ಎಂದು ಬರೆದಿದ್ದೀರಿ. ನೀವು ಬರೆದದ್ದರಲ್ಲಿ ನನಗೆ ಹೆದರಿಕೆಯಾದದ್ದು ಈ ಸಾಲನ್ನು ಓದಿ. ಸಾಲನ್ನು ಮಾತ್ರವಲ್ಲ, ಅದರ ಅಕ್ಷರವನ್ನು ನೋಡಿ.

ನಿಮ್ಮ ಅಕ್ಷರ ಮುಂದಕ್ಕೆ ಓಡುವ ಜಾತಿಯದು. ಮದುವೆಗೆ ಮುಂಚೆ ನೀವು ಬರೆದ ಕಾಗದಗಳಲ್ಲಿ ಪ್ರತಿ ಸಾಲೂ ಹಾಳೆಯ ಆಚೆ ಬಸ್ಸು ಹಿಡಿಯಲು ಹೊರಟ ಹಾಗೆ ಇರುತ್ತಿತ್ತು. ಈಗ ಪ್ರತಿ ಅಕ್ಷರವೂ ಹಿಂದಕ್ಕೆ ಒರಗಿದೆ. ಮೊದಲ ಚೀಟಿಯಲ್ಲೇ ನೋಡಿದ್ದೆ. ಕತ್ತಲೆ, ಪೆನ್ಸಿಲು ಮೊಂಡು ಎಂದು ನೆವ ಹೇಳಿದ್ದಿರಿ. ಪೆನ್ಸಿಲು ಮೊಂಡಾದರೆ ಅಕ್ಷರ ದಪ್ಪ ಆಗುತ್ತದೆ, ದಿಕ್ಕು ತಪ್ಪುವುದಿಲ್ಲ. ಬಲಗೈ ಮುರಿದುಕೊಂಡು ಎಡಗೈಯಲ್ಲಿ ಪರೀಕ್ಷೆ ಬರೆದ ಮಕ್ಕಳನ್ನು ನೋಡಿದ ಕಣ್ಣು ಇದು, ಇದಕ್ಕೆ ಮಣ್ಣೆರಚಬೇಡಿ. ನಿಮ್ಮ ಬಲಗೈಗೆ ಏನಾಗಿದೆ?

ಏಕೆ ಕೇಳುತ್ತಿದ್ದೇನೆ ಎಂದು ನಿಮಗೆ ಗೊತ್ತು, ಆದರೂ ಬರೆಯುತ್ತೇನೆ. ನಿಮ್ಮನ್ನು ಎತ್ತಲು ಅಗಲದ ಗುಂಡಿ ಕೊರೆಯುತ್ತಿರುವ ಇಂಜಿನಿಯರಮ್ಮ ನಿನ್ನೆ ಶಾಲೆಗೆ ಬಂದು, ಕರಿಹಲಗೆಯ ಮೇಲೆ ಚಿತ್ರ ಬರೆದು ನಮಗೆಲ್ಲ ಹೇಳಿದರು. ಒಬ್ಬೊಬ್ಬರನ್ನೇ ನಿಲ್ಲಿಸಿ ಎತ್ತುವ ಕಬ್ಬಿಣದ ಪಂಜರ. ಇಲ್ಲಿ ಎಲ್ಲರೂ ಅದನ್ನು ತೊಟ್ಟಿಲು ಎನ್ನುತ್ತಾರೆ. ಅದರ ಬಾಗಿಲಿಗೆ ಹೊರಗಿನಿಂದ ಎರಡು ತಿರುಪು. ಎರಡನ್ನೂ ಒಟ್ಟಿಗೇ ತಿರುಗಿಸಿದರೆ ಮಾತ್ರ ಬಾಗಿಲು ಕೂರುತ್ತದೆ. ಒಳಗೆ ನಿಂತವನಿಗೆ ಹೊರಗಿನವರು ತಿರುಗಿಸಿ ಕೊಡಬಹುದು, ಕೊನೆಯವನಿಗೆ ಹೊರಗೆ ಯಾರಿರುತ್ತಾರೆ? ಅವನೇ ಕಂಬಿಗಳ ಸಂದಿಯಿಂದ ಎರಡೂ ಕೈ ಹೊರಗೆ ಹಾಕಿ ತಿರುಗಿಸಿಕೊಳ್ಳಬೇಕು. ಬಾಗಿಲು ಸರಿಯಾಗಿ ಕೂರದಿದ್ದರೆ ದಾರಿಯಲ್ಲಿ ಗುಂಡಿಯ ಗೋಡೆಗೆ ತಗುಲಿ ತೊಟ್ಟಿಲು ನಡುವೆಯೇ ಸಿಕ್ಕಿಕೊಳ್ಳುತ್ತದೆ. ನಿಮ್ಮ ತಲೆಯ ಮೇಲಿನ ಬಂಡೆ ದಿನವೂ ಉದುರುತ್ತಿದೆಯಂತೆ, ಸಿಕ್ಕಿಕೊಂಡದ್ದನ್ನು ಬಿಡಿಸಲು ವೇಳೆ ಇರುವುದಿಲ್ಲವಂತೆ. "ಪೆಟ್ಟಾದವರು ಮೊದಲು. ಎರಡೂ ಕೈ ಗಟ್ಟಿ ಇರೋರು ಕೊನೆಗೆ. ಇದರಲ್ಲಿ ಮಾತಿಲ್ಲ" ಎಂದು ಹೇಳಿ, ಕೊಳವೆಯಲ್ಲಿ ಇಳಿಸಿದ, ಮನೆಯವರ ಕೈಗೆ ಕೊಡದ ಟೆಲಿಫೋನಿನಲ್ಲಿ ನೀವು ಬರೆಸಿದ ಸರದಿಯನ್ನು ಓದಿದರು. ಮೊದಲು ಕೆಮ್ಮಿನ ಮುದುಕಪ್ಪ. ಎಂಟನೆಯವನು ಮೌನಿ. ಒಂಬತ್ತನೆಯವರು ನೀವು.

ಪಾಳಿ ಮುಗಿದಾಗ ನಿಮ್ಮಂಥ ಮೇಸ್ತ್ರಿಯೇ ಕೊನೆಗೆ ಹೊರಗೆ ಬರಬೇಕು, ಎಲ್ಲರ ಹಾಜರಿ ಬಿಲ್ಲೆಯೂ ಹಲಗೆಗೆ ಬಿದ್ದ ಮೇಲೇ ಅವನದು, ಇದು ಗಣಿಯ ಪದ್ಧತಿ. ಗೊತ್ತು. ನಿಮಗಾಗಿ ಆರಿದ ಊಟದ ಮುಂದೆ ಎಷ್ಟು ಸಲ ಕಾದಿದ್ದೇನೆ ಎಂದು ನನಗೆ ಗೊತ್ತಿಲ್ಲವೇ? ಹುಡುಗರೆಲ್ಲ ಮನೆ ಸೇರಿ ಕೈಕಾಲು ತೊಳೆದ ಮೇಲೆ ನಮ್ಮ ಮನೆಯ ಬಾಗಿಲು ತೆರೆಯುತ್ತಿತ್ತು. ಅದು ಎರಡೂ ಕೈ ಇರುವ ಮೇಸ್ತ್ರಿಯ ಪದ್ಧತಿ. ಒಂದು ಕೈಯಲ್ಲಿ ಎರಡು ತಿರುಪು ತಿರುಗಿಸುವ ಮೇಸ್ತ್ರಿಯನ್ನು ನಾನು ಕಂಡಿಲ್ಲ.

ಈಗ ನನ್ನ ಷರತ್ತು ಕೇಳಿ. ಕೈ ಮುರಿದಿದೆ ಎಂದು ನೀವಾಗಿಯೇ ಇಂಜಿನಿಯರಮ್ಮನಿಗೆ ಹೇಳಿ ಸರದಿ ಬದಲಿಸಿ. ಅಲ್ಲಿಯವರೆಗೆ ಕೊನೆಯ ಅಧ್ಯಾಯ ಕಳಿಸುವುದಿಲ್ಲ. ಮೌನಿ ಎಷ್ಟು ಬೊಬ್ಬೆ ಹಾಕಿದರೂ ಇಲ್ಲ. ಈ ಕಾಗದವನ್ನು ಡಾಕ್ಟರು ಓದುತ್ತಾರೆ, ಓದಲಿ ಎಂದೇ ಬರೆದಿದ್ದೇನೆ.

ನನ್ನ ತಮ್ಮ ಒಂದು ಸಾಲಾದರೂ ಏಕೆ ಬರೆಯಲಿಲ್ಲ ಎಂದು ಮತ್ತೆ ಕೇಳಿದ್ದೀರಿ. ಮಾತ್ರೆಯ ಮಂಪರಿನಲ್ಲಿದ್ದಾನೆ. ಅವನು ಯಾವಾಗ ಕಾಗದ ಬರೆದ ಪ್ರಾಣಿ? ಅವನ ಮಾತು ಹಾಗಿರಲಿ, ನಿಮ್ಮ ಕೈಯ ಮಾತಿಗೆ ಉತ್ತರ ಬರೆಯಿರಿ.

ನಿಮ್ಮವಳು


ಹದಿನಾರನೇ ತಾರೀಕು, ಭಾನುವಾರ

ನನ್ನವರೇ,

ನಿಮ್ಮ ಕಾಗದಕ್ಕೆ ನಿನ್ನೆಯೇ ಉತ್ತರ ಬರೆಯಬೇಕಿತ್ತು. ಬೇಗ ಬರೆದಿದ್ದರೆ ಅದರಲ್ಲಿ ಬೈಗುಳ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ನಾಳೆ ಬೆಳಿಗ್ಗೆ ಎತ್ತಲು ಶುರು ಮಾಡುತ್ತಾರೆ, ಇನ್ನು ತಡ ಮಾಡುವಂತಿಲ್ಲ.

ಕೈ ಮುರಿದಿದೆ ಎಂದು ನನಗೆ ಒಪ್ಪಿಕೊಂಡಿದ್ದೀರಿ, ಸಂತೋಷ. ಹಲಗೆ ಕಟ್ಟಿಕೊಂಡಿದ್ದೀರಿ, ಬೆರಳು ಮಡಚಲು ಬರುವುದಿಲ್ಲ, ಆದರೆ ಯಾರಿಗೂ ಹೇಳಬೇಡ ಎಂದಿದ್ದೀರಿ. ಹೇಳಿದೆ. ನಾನೇ ಹೋಗಿ ಇಂಜಿನಿಯರಮ್ಮನಿಗೆ ಹೇಳಿದೆ, ಡಾಕ್ಟರೂ ಜೊತೆಗೆ ಬಂದರು. ಅವರು ಟೆಲಿಫೋನು ಮಾಡಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ, ಅದು ನಿಮಗೆ ಗೊತ್ತಿರಲಿಲ್ಲ. "ಕೈಗೇನಾಗಿದೆ ಮೇಡಂ, ಕಲ್ಲಿನ ಹಾಗಿದೆ. ನಮ್ಮ ಮನೆಯವಳಿಗೆ ಸ್ವಲ್ಪ ಗಾಬರಿ ಜಾಸ್ತಿ" ಎಂದಿರಿ. ಎಷ್ಟು ಸಲೀಸಾಗಿ ಬಂತು ಮಾತು! ಆಮೇಲೆ ಅವರು ಒಬ್ಬೊಬ್ಬರನ್ನೇ ಕರೆದು ಕೇಳಿದರು. ಎಂಟು ಜನವೂ ಮೇಸ್ತ್ರಿ ಕೈ ಚೆನ್ನಾಗಿದೆ ಎಂದರು. ಕೆಮ್ಮಿನ ಮುದುಕಪ್ಪ ಕೂಡ ಕೆಮ್ಮಿನ ನಡುವೆ ಅದನ್ನೇ ಹೇಳಿದ. ಮೇಲಿನವರ ಮುಂದೆ ಮೇಸ್ತ್ರಿಯ ಮಾತಿಗೆ ಎದುರಾಡಬಾರದು ಎಂಬುದು ನಿಮ್ಮ ಪಾಳಿಯ ಇನ್ನೊಂದು ಪದ್ಧತಿ ಇರಬೇಕು. ನೀವು ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟೋಣ ಎನ್ನುವ ಜನ. ಇಂಜಿನಿಯರಮ್ಮ ಫೋನು ಇಟ್ಟು, "ಅಮ್ಮ, ನೀವು ಹೇಳೋದು ನಿಜ ಅಂತ ನಂಗೆ ಗೊತ್ತು. ಆದ್ರೆ ಕೆಳಗೆ ಹೋಗಿ ಕೈ ಹಿಡಿದು ಹತ್ತಿಸೋಕೆ ನನ್ನಿಂದ ಆಗಲ್ಲ. ಅಲ್ಲಿ ಅವರ ಮಾತೇ ನಡೆಯೋದು. ಅವರನ್ನ ಒಪ್ಪಿಸೋಕೆ ನಿಮ್ಮಿಂದ ಮಾತ್ರ ಸಾಧ್ಯ" ಎಂದರು.

ಹೊರಗೆ ಬಂದರೆ ಮೌನಿಯ ಹೆಂಡತಿ ಕಾಯುತ್ತಿದ್ದಳು. ಅವಳ ಗಂಡ ಮೂರು ಸಲ ನಿಮ್ಮನ್ನು ಕೇಳಿದನಂತೆ, ನಾನು ಕೊನೆಗೆ ಬರ್ತೀನಿ, ನೀವು ಮೊದಲು ಹೋಗಿ ಎಂದು. ನೀವು ಗದರಿಸಿ ಕೂರಿಸಿದಿರಂತೆ. ಅವನು ಅದನ್ನು ಹೆಂಡತಿಗೆ ಬರೆದಿದ್ದಾನೆ. ಅವಳು ನನ್ನ ಕೈ ಹಿಡಿದುಕೊಂಡು, "ನಮ್ಮೋರೇ ಕೊನೆಗೆ ಇರ್ಲಿ ಬಿಡಿ ಟೀಚರಮ್ಮ. ಅವರಿಗೆ ಎರಡೂ ಕೈ ನೆಟ್ಟಗಿವೆ. ಕೆಟ್ಟಿರೋದು ಬಾಯಿ ಒಂದೇ" ಎಂದಳು. ಹೇಳುವಾಗ ಅವಳ ತುಟಿ ಬಿಳುಚಿಕೊಂಡಿತ್ತು. ಇನ್ನೊಬ್ಬಳ ಗಂಡನನ್ನು ನಿಮ್ಮ ಜಾಗದಲ್ಲಿ ನಿಲ್ಲಿಸಿ ಎಂದು ಕೇಳುವುದು ನನಗೆ ಸುಲಭ ಎಂದು ತಿಳಿಯಬೇಡಿ. ಆದರೆ ಅವನು ಕೊನೆಗೆ ನಿಂತರೆ ಬಾಗಿಲು ಮುಚ್ಚಿಕೊಂಡು ಬರುತ್ತಾನೆ. ನೀವು ನಿಂತರೆ ಬಾಗಿಲು ಮುಚ್ಚುವುದಿಲ್ಲ. ಇಷ್ಟೇ ವಿಷಯ, ಇದರಲ್ಲಿ ದೊಡ್ಡ ಮಾತಿಗೆ ಜಾಗವೇ ಇಲ್ಲ.

ದೊಡ್ಡ ಮಾತು ಆಡುವವರು ಇಲ್ಲಿ ಬೇಕಾದಷ್ಟು ಜನ ಬಂದಿದ್ದಾರೆ. ಗಣಿಯ ಮ್ಯಾನೇಜರು ಬೆಳಿಗ್ಗೆ ನನ್ನನ್ನು ಹುಡುಕಿಕೊಂಡು ಬಂದು, ನಿಮ್ಮ ಒಂದು ಒಳ್ಳೆಯ ಫೋಟೋ ಇದೆಯೇ ಎಂದು ಕೇಳಿದರು. ತಲೆಗೆ ದೀಪದ ಟೊಪ್ಪಿಗೆ ಇರುವಂಥದ್ದು ಸಿಕ್ಕರೆ ಒಳ್ಳೆಯದಂತೆ. ಪತ್ರಿಕೆಯವನೊಬ್ಬ ಆಗಲೇ ನಿಮ್ಮನ್ನು ವೀರ ಮೇಸ್ತ್ರಿ ಎಂದು ಬರೆದುಬಿಟ್ಟಿದ್ದಾನೆ. ನನಗೆ ಮೈಯೆಲ್ಲ ಉರಿಯಿತು. ನೀವಿನ್ನೂ ಉಸಿರಾಡುತ್ತಿದ್ದೀರಿ, ಇವರು ಆಗಲೇ ಚೌಕಟ್ಟಿನ ಅಳತೆ ನೋಡುತ್ತಿದ್ದಾರೆ. ಫೋಟೋ ಇಲ್ಲ ಎಂದೆ. ಮೇಲೆ ಬಂದ ಮೇಲೆ ಬೇಕಾದಷ್ಟು ತೆಗೆದುಕೊಳ್ಳಿ, ಅವರಿಗೆ ಕ್ಷೌರ ಆಗಲಿ ಎಂದೆ.

ಕೊನೆಯ ಅಧ್ಯಾಯ ಕಳಿಸುತ್ತಿದ್ದೇನೆ. ಷರತ್ತನ್ನು ನೀವು ಮುರಿದಿರಿ, ನಾನೇ ಸೋತು ಕಳಿಸುತ್ತಿದ್ದೇನೆ. ಈ ಸಲ ನಿಧಾನವಾಗಿ ಓದಿ. ಕಪ್ತಾನ ಪಂಪಿನ ಹಿಡಿಯನ್ನು ಒತ್ತಿ ಹಿಡಿದು ನಿಲ್ಲುತ್ತಾನೆ, ದೋಣಿ ಹೊರಡುತ್ತದೆ, ಮುಂದಿನ ಪುಟದಲ್ಲಿ ಹಿಡಿಯ ಮೇಲೆ ಅವನ ಕೈಗವಸುಗಳು ಮಾತ್ರ ಇವೆ. ಮುಗಿಯಿತು. ಅದರ ದೊಡ್ಡತನವೇ ಅದು, ಉಳಿದದ್ದನ್ನು ಹೇಳದೆ ಬಿಟ್ಟದ್ದು ಎಂದು ನೀವು ನನ್ನ ಜೊತೆ ವಾದಿಸುತ್ತಿದ್ದಿರಿ. ಕೈಗವಸು ಉಳಿಯಿತು, ಕೈ ಏನಾಯಿತು? ಅವನಿಗೆ ಎಷ್ಟು ಹೊತ್ತು ಉಸಿರು ಸಿಕ್ಕಿತು, ಯಾರ ಹೆಸರು ಹಿಡಿದು ಕೂಗಿದ? ಅದನ್ನು ಬರೆದಿದ್ದರೆ ಮಕ್ಕಳು ಹತ್ತು ಅಂಕಕ್ಕೆ "ತ್ಯಾಗದ ಸಂಕೇತ" ಎಂದು ಬರೆಯಲು ಆಗುತ್ತಿತ್ತೇ? ಒಂದು ವರ್ಷ ಒಬ್ಬ ಹುಡುಗಿ, "ಕೈಗವಸು ಅಂದರೆ ಕೈಗವಸು. ಕಪ್ತಾನನಿಗೆ ಸೆಕೆ ಆಗಿ ಬಿಚ್ಚಿಟ್ಟಿರಬೇಕು" ಎಂದು ಬರೆದಿದ್ದಳು. ಅಧ್ಯಾಪಕರ ಕೋಣೆಯಲ್ಲಿ ಎಲ್ಲರಿಗೂ ಓದಿ ನಗಿಸಿದ್ದೆ. ಇವತ್ತಾಗಿದ್ದರೆ ಅವಳಿಗೆ ಹತ್ತಕ್ಕೆ ಹತ್ತು ಕೊಡುತ್ತಿದ್ದೆ.

ಇನ್ನೊಂದು ಗಮನಿಸಿದ್ದೀರಾ? ಲೇಖಕ ಆ ಕಪ್ತಾನನಿಗೆ ಹೆಂಡತಿಯನ್ನೇ ಕೊಟ್ಟಿಲ್ಲ. ತಾಯಿ ಇಲ್ಲ, ಮಗಳಿಲ್ಲ, ಅವನಿಗಾಗಿ ಊಟ ಮುಚ್ಚಿಟ್ಟು ಕಾಯುವವರು ಒಂದು ಪುಟದಲ್ಲೂ ಇಲ್ಲ. ಇದ್ದಿದ್ದರೆ ಕಥೆ ಇಷ್ಟು ಸಲೀಸಾಗಿ ಮುಗಿಯುತ್ತಿರಲಿಲ್ಲ. ಸಂಕೇತವಾಗಲು ಹಿಂದೆ ಮುಂದೆ ಯಾರೂ ಇಲ್ಲದವನೇ ಆಗಬೇಕು. ನೀವು ಹಾಗಲ್ಲ. ನಿಮಗೆ ಗೊರಕೆ ಇದೆ, ಮೊಣಕಾಲು ನೋವಿದೆ, ಮಗಳ ಜಡೆಯನ್ನು ಸೊಟ್ಟಗೆ ಹೆಣೆಯುವ ಚಟ ಇದೆ. ಇಷ್ಟನ್ನೂ ಒಂದು ಜೊತೆ ಕೈಗವಸಿಗೆ ಬದಲಾಯಿಸಿಕೊಳ್ಳಲು ನಾನು ತಯಾರಿಲ್ಲ.

ನಿಮ್ಮ ಕಾಗದದ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ. "ಮೇಸ್ತ್ರಿ ಮೊದಲು ಹತ್ತಿದ ಅಂತ ನಾಳೆ ಯಾರೂ ಅನ್ನಬಾರದು. ನನಗೇನಾದ್ರೂ ಆದ್ರೆ ನಿನ್ನ ತಮ್ಮ ಇದ್ದಾನೆ, ನಿನ್ನನ್ನೂ ಪುಟ್ಟಿಯನ್ನೂ ಅವನು ಕೈಬಿಡಲ್ಲ. ಅವನೊಬ್ಬ ಮೇಲೆ ಬಂದ ಅನ್ನೋ ಧೈರ್ಯದಿಂದಲೇ ಇಲ್ಲಿ ನೆಮ್ಮದಿಯಾಗಿ ಇದ್ದೀನಿ" ಎಂದು ಬರೆದಿದ್ದೀರಿ. ಬಲಗೈ ಹೋದರೂ ಇದನ್ನು ಮಾತ್ರ ದುಂಡಗೆ ಬರೆದಿದ್ದೀರಿ.

ಯಾರೂ ಏನೂ ಅನ್ನುವುದಿಲ್ಲ. ಅಂದವರಿಗೆ ಉತ್ತರ ಕೊಡಲು ನಾನಿದ್ದೇನೆ, ನನ್ನ ಬಾಯಿ ಸಾಲದಿದ್ದರೆ ಮೌನಿಯ ಹೆಂಡತಿ ಇದ್ದಾಳೆ. ನಿಮ್ಮ ಹುಡುಗರಿಗೆಲ್ಲ ನನ್ನ ಆಶೀರ್ವಾದ ಹೇಳಿ. ಮುದುಕಪ್ಪನಿಗೆ ನಮಸ್ಕಾರ ಹೇಳಿ. ಒಂಬತ್ತು ಜನವೂ ನೂರು ಕಾಲ ಬಾಳಿ, ಮನೆಮನೆಯಲ್ಲಿ ಕೂತು ಈ ಕಥೆಯನ್ನು ಹೇಳಿ ಹೇಳಿ ನಮಗೆಲ್ಲ ಬೇಸರ ತರಿಸುವಂತಾಗಲಿ.

ನಿಮ್ಮವಳು

ಮತ್ತೆ ಬರೆದದ್ದು: ಈ ಹಾಳೆಯನ್ನು ಡಾಕ್ಟರು ಓದಿಲ್ಲ. ಕೊನೆಯ ಅಧ್ಯಾಯದೊಳಗೆ ಸುತ್ತಿದ್ದೇನೆ. ಕೊಳವೆಯ ಹತ್ತಿರ ಈಗ ಮೌನಿಯ ಹೆಂಡತಿಯ ಸರದಿ, ಅವಳು ಗೊತ್ತಿದ್ದೂ ತುಂಬಿ ಇಳಿಸುತ್ತಿದ್ದಾಳೆ. ಇದನ್ನು ಹುಡುಗರ ಮುಂದೆ ಓದಬೇಡಿ, ಒಂದು ಕಡೆ ಕೂತುಕೊಂಡು ಓದಿ.

ನನ್ನ ತಮ್ಮ ಇಲ್ಲ. ಕುಸಿದ ಮರುದಿನವೇ ಸಿಕ್ಕಿದ. ನಾನೇ ಹೋಗಿ ಗುರುತು ಹೇಳಿದೆ. ಆಸ್ಪತ್ರೆ, ಕಾಲಿನ ಪೆಟ್ಟು, ಮಾತ್ರೆ ಎಲ್ಲ ಡಾಕ್ಟರು ಹೇಳಿಕೊಟ್ಟ ಸುಳ್ಳು. ಪುಟ್ಟಿ ಕಾಗದ ಬರೆಯದಿದ್ದದ್ದು ಹಟದಿಂದಲ್ಲ, "ಮಾವ ಚೆನ್ನಾಗಿದಾನೆ ಅಂತ ನನ್ನ ಕೈಯಲ್ಲಿ ಬರೆಯಕ್ಕಾಗಲ್ಲಮ್ಮ" ಎಂದು ಅತ್ತಳು.

ನೀವು ಓಡಿಸಿದಾಗ ಅವನು ಮೇಲಿನ ಹಾದಿಯವರೆಗೆ ಬಂದಿದ್ದಾನೆ. ಅಲ್ಲಿ ಕರೆಂಟಿನ ತಂತಿ ಹೊತ್ತಿಕೊಂಡು ಹೊಗೆ ನಿಮ್ಮ ಕಡೆಗೆ ಇಳಿಯುತ್ತಿತ್ತಂತೆ. ಹೊರಗಿನ ದಾರಿ ಅವನ ಮುಂದೆ ತೆರೆದೇ ಇತ್ತು, ಓಡಬಹುದಿತ್ತು ಎಂದು ಹುಡುಕಿದವರು ಹೇಳಿದರು. ಅವನು ತಿರುಗಿ ಬಂದು ಸುರಂಗದಲ್ಲಿ ಗಾಳಿ ತಡೆಯುವ ಬಾಗಿಲನ್ನು ತಳ್ಳಿ ಮುಚ್ಚಿ, ಅಂಗಿ ಬಿಚ್ಚಿ ಸಂದಿಗೆ ತುರುಕಿ, ಅದು ತೆರೆಯದ ಹಾಗೆ ಹೊಗೆಯ ಕಡೆಯಿಂದಲೇ ಬೆನ್ನು ಕೊಟ್ಟು ಕೂತಿದ್ದಾನೆ. ಹಾಗೇ ಸಿಕ್ಕಿದ. ನೀವು ಒಂಬತ್ತು ಜನ ಇವತ್ತು ಉಸಿರಾಡುತ್ತಿರುವುದು ಆ ಬಾಗಿಲಿನಿಂದ. ನಿಮ್ಮ ಕಾದಂಬರಿಯ ಎರಡು ಪುಟ ಓದಿ ನಿದ್ದೆಹೋದವನು ಅವನು. ನಾಯಕ ಅಂದರೆ ಹೇಗಿರಬೇಕು ಎಂದು ಅವನಿಗೆ ಯಾರೂ ಪಾಠ ಮಾಡಿರಲಿಲ್ಲ.

ನೀವು ಕಳಿಸಿದ್ದರಿಂದ ಹೋದ ಎಂದು ಕೊರಗಬೇಡಿ. ನೀವು ಅವನನ್ನು ಬದುಕಲಿ ಎಂದೇ ಮೇಲಕ್ಕೆ ಓಡಿಸಿದಿರಿ, ನನಗೆ ಗೊತ್ತು. ನನಗೆ ನಿಮ್ಮ ಮೇಲೆ ಅದರ ಸಿಟ್ಟಿಲ್ಲ. ಇದನ್ನು ಈಗ ಹೇಳಬಾರದು ಎಂಬ ಡಾಕ್ಟರ ಮಾತು ಸರಿಯೇ ಇರಬಹುದು. ಆದರೆ ನೀವು ಯಾರ ಭರವಸೆಯ ಮೇಲೆ ಕೊನೆಗೆ ನಿಲ್ಲುತ್ತೇನೆ ಎನ್ನುತ್ತಿದ್ದೀರೋ ಅವನು ಇಲ್ಲ. ನಿಮ್ಮ ನಂತರ ನಮಗೆ ಯಾರೂ ಇಲ್ಲ.

ನಮ್ಮ ಮನೆಯಿಂದ ಒಬ್ಬನನ್ನು ಕೊಟ್ಟಾಯಿತು. ಇನ್ನೊಬ್ಬರನ್ನು ಕೊಡಲಾರೆ. ಅವನಿಗಾಗಿ ನಾನಿನ್ನೂ ಬಾಯಿಬಿಟ್ಟು ಅತ್ತಿಲ್ಲ. ಇಲ್ಲಿ ಅತ್ತರೆ ಹೇಗೋ ಸುದ್ದಿ ಕೆಳಗೆ ಇಳಿದುಬಿಡುತ್ತದೆ ಎಂದು ಹಲ್ಲು ಕಚ್ಚಿಕೊಂಡು ಬಿಸ್ಕತ್ತು ಸುತ್ತುತ್ತಿದ್ದೇನೆ. ನಾಳೆ ಮೊದಲ ತೊಟ್ಟಿಲಿಗೆ ಹತ್ತಿ ಬನ್ನಿ. ನಾನು ಅಳಬೇಕು.